ಕೆರೆ, ಕುರುಚಲು, ಹದಿನಾರು ಚೌಕ: ಐದು ದಿನಗಳ ನಕ್ಷೆ ಪ್ರವಾಸ

ಹೊರಡುವ ಮುನ್ನ

ಜಾಗ ದೊಡ್ಡದೇನಲ್ಲ. ಎರಡು ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಅದರೊಳಗೆ ಒಂದು ಕೆರೆ, ಕೆರೆಯ ಹಿಂದೆ ಕುರುಚಲು ಕಾಡು, ಒಂದು ತುದಿಯಲ್ಲಿ ಉತ್ತ ನೆಲ, ಇನ್ನೊಂದು ತುದಿಯಲ್ಲಿ ಬಂಡೆಗುಡ್ಡ. ಹದಿನಾರು ವಿದ್ಯಾರ್ಥಿಗಳು, ನಾಲ್ಕು ತಂಡ. ಯಾವ ಪ್ರಾಣಿ, ಯಾವ ಹಕ್ಕಿ ಎಲ್ಲಿದೆ ಎಂದು ನಕ್ಷೆ ಮಾಡುವುದು ಕೆಲಸ. ಬಸ್ಸು ಹತ್ತುವ ಒಂದು ವಾರ ಮೊದಲೇ ಕಂಪ್ಯೂಟರಿನ ಮುಂದೆ ಈ ಪ್ರವಾಸ ಶುರುವಾಗಿರುತ್ತದೆ.

ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಕ್ಯುಜಿಐಎಸ್‌ನಲ್ಲಿ ಆ ನಾಲ್ಕು ಚದರ ಕಿಲೋಮೀಟರನ್ನು 500 ಮೀಟರ್ ಬದಿಯ ಚೌಕಗಳಾಗಿ ಹೆಚ್ಚಿದರೆ 16 ಚೌಕ ಸಿಗುತ್ತವೆ. ಹೆಚ್ಚುವ ಮೊದಲು ಪ್ರಾಜೆಕ್ಟಿನ ಅಳತೆ ಡಿಗ್ರಿಯಲ್ಲಿದೆಯೋ ಮೀಟರಿನಲ್ಲಿದೆಯೋ ನೋಡಿಕೊಳ್ಳಬೇಕು. ಫೋನು ಕೊಡುವುದು ಅಕ್ಷಾಂಶ ರೇಖಾಂಶ, ಅಂದರೆ ಇಪಿಎಸ್‌ಜಿ 4326 (ನಕ್ಷೆಯ ಅಳತೆ ಪದ್ಧತಿಗಳಿಗೆ ಕೊಟ್ಟ ಸಂಖ್ಯೆಗಳಲ್ಲಿ ಒಂದು). ಅದರಲ್ಲೇ ಇದ್ದುಕೊಂಡು ಬಫರ್ (ಬಿಂದುವಿನ ಸುತ್ತ ಎಳೆಯುವ ಪಟ್ಟಿ) ಜಾಗದಲ್ಲಿ 100 ಎಂದು ಬರೆದರೆ ಸಾಫ್ಟ್‌ವೇರ್ ಅದನ್ನು 100 ಡಿಗ್ರಿ ಎಂದೇ ಓದಿ ಭೂಪಟದ ಬಹುಪಾಲಿಗೆ ಬಣ್ಣ ಬಳಿಯುತ್ತದೆ. ಮೀಟರಿನಲ್ಲಿ ಲೆಕ್ಕ ಬೇಕೆಂದರೆ ಯುಟಿಎಂಗೆ ಬದಲಾಯಿಸಬೇಕು. ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ಸೀಳಿದ ಪದ್ಧತಿ ಇದು. ಉತ್ತರಾರ್ಧ ಗೋಳದಲ್ಲಿ 32600ಕ್ಕೆ, ದಕ್ಷಿಣಾರ್ಧದಲ್ಲಿ 32700ಕ್ಕೆ ವಲಯದ ಸಂಖ್ಯೆ ಕೂಡಿಸಿದರೆ ಬೇಕಾದ ಇಪಿಎಸ್‌ಜಿ ಸಂಖ್ಯೆ ಸಿಗುತ್ತದೆ.

ಆಮೇಲೆ ನಡೆಯುವ ಸಾಲುಗಳು. ಟ್ರಾನ್ಸೆಕ್ಟ್ ಎಳೆಯಿರಿ ಎಂದು ವಿದ್ಯಾರ್ಥಿಗಳಿಗೆ ಬಿಟ್ಟರೆ ಹತ್ತರಲ್ಲಿ ಒಂಬತ್ತು ಸಾಲು ಕಾಲುದಾರಿಯ ಮೇಲೆಯೇ ಬೀಳುತ್ತವೆ. ಆದ್ದರಿಂದ ಮೊದಲ ಸಾಲನ್ನು ಚೀಟಿ ಎತ್ತಿ ನಿರ್ಧರಿಸುವುದು ಒಳ್ಳೆಯದು. 0ಯಿಂದ 500ರೊಳಗೆ 210 ಬಂತೆನ್ನಿ. ದಕ್ಷಿಣದ ಅಂಚಿನಿಂದ 210 ಮೀಟರಿಗೆ ಮೊದಲ ಸಾಲು, ಉಳಿದವು 710, 1210, 1710ರಲ್ಲಿ. ಎಲ್ಲವೂ ಪೂರ್ವ ಪಶ್ಚಿಮವಾಗಿ, ಒಂದೊಂದೂ 2 ಕಿಲೋಮೀಟರ್, ಒಂದೊಂದೂ ನಾಲ್ಕು ಚೌಕಗಳನ್ನು ಹಾಯುವಂಥದ್ದು. ಸಾಲು ಕೆರೆಗೆ ಬಂದು ನಿಂತರೆ ದಂಡೆ ಸುತ್ತಿ ಆಚೆ ಬದಿಯಲ್ಲಿ ಮತ್ತೆ ಹಿಡಿಯಬೇಕು, ನೀರಿನ ಮೇಲೆ ಬಿದ್ದ ಉದ್ದವನ್ನು ನಡೆದ ಲೆಕ್ಕದಿಂದ ಕಳೆಯಬೇಕು.

ಫೋನಿನಲ್ಲಿ ಕ್ಯುಫೀಲ್ಡ್ ಆ್ಯಪ್, ಅದರೊಳಗೆ ದಾಖಲೆಗಳನ್ನು ತುಂಬಿಡುವ ಒಂದು ಜಿಯೋಪ್ಯಾಕೇಜ್ ಕಡತ. ದಾಖಲೆಯ ಫಾರ್ಮ್ ಚಿಕ್ಕದಿದ್ದಷ್ಟೂ ಚೆನ್ನ: ಪ್ರಾಣಿಯ ಹೆಸರು, ಎಣಿಕೆ, ದೂರ, ದಿಕ್ಕು, ಗೊತ್ತಾದದ್ದು ಹೇಗೆ (ಕಂಡದ್ದು, ಕೂಗು, ಹೆಜ್ಜೆ, ಹಿಕ್ಕೆ). ಸಮಯ, ಜಿಪಿಎಸ್ ನಿಖರತೆ ಮತ್ತು ಯುಯುಐಡಿ (ಪ್ರತಿ ದಾಖಲೆಗೂ ಬೇರೆಯೇ ಆದ ಗುರುತಿನ ಸಂಖ್ಯೆ) ತಾವಾಗಿ ತುಂಬಿಕೊಳ್ಳುವಂತೆ ಇಡಬೇಕು. ಹೆಸರಿನ ಪಟ್ಟಿಯಲ್ಲಿ ‘ಗೊತ್ತಾಗಲಿಲ್ಲ’ ಎಂಬ ಆಯ್ಕೆ ಇರಲೇಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಮೊದಲು ಇರುವ ಹಕ್ಕಿ ಊರೆಲ್ಲ ತುಂಬಿಕೊಳ್ಳುತ್ತದೆ. ಇದರ ಜೊತೆಗೆ ಇನ್ನೊಂದು ಕೋಷ್ಟಕ, ‘ಭೇಟಿ’: ಯಾವ ಚೌಕಕ್ಕೆ, ಎಷ್ಟು ಗಂಟೆಗೆ ಹೊಕ್ಕು, ಎಷ್ಟು ಗಂಟೆಗೆ ಹೊರಬಂದರು. ಏನೂ ಕಾಣದ ಚೌಕಕ್ಕೂ ಇಲ್ಲಿ ಒಂದು ಸಾಲು ಬರುತ್ತದೆ. ಇಡೀ ಪ್ರವಾಸದಲ್ಲಿ ಹೆಚ್ಚು ಜಗಳ ಆಗುವುದೂ, ಕೊನೆಗೆ ಹೆಚ್ಚು ಉಪಯೋಗಕ್ಕೆ ಬರುವುದೂ ಈ ಕೋಷ್ಟಕವೇ.

ಹಿನ್ನೆಲೆ ಚಿತ್ರಕ್ಕೆ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸರ್ವರಿನಿಂದ ತುಣುಕುಗಳನ್ನು ಸಗಟಾಗಿ ಇಳಿಸಿಕೊಳ್ಳಲು ಅದರ ನಿಯಮ ಬಿಡುವುದಿಲ್ಲ. ದಾರಿ, ಹಳ್ಳಗಳ ಗೆರೆಗಳನ್ನು ದತ್ತಾಂಶವಾಗಿ ಇಳಿಸಿಕೊಳ್ಳಬಹುದು. ಮೇಲುನೋಟಕ್ಕೆ ಸೆಂಟಿನೆಲ್-2 ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತದೆ. ಒಂದು ಪಿಕ್ಸೆಲ್ 10 ಮೀಟರ್, ಹಾಗಾಗಿ ನಮ್ಮ ಜಾಗವಿಡೀ 200 ಅಡ್ಡ, 200 ಉದ್ದದ ಪಿಕ್ಸೆಲ್ಲುಗಳಲ್ಲಿ ಮುಗಿಯುತ್ತದೆ. ಒಂಟಿ ಮರ ಕಾಣದು. ಕೆರೆಯ ಅಂಚು, ಕುರುಚಲಿನ ಅಂಚು ಸಾಕಷ್ಟು ಕಾಣುತ್ತವೆ.

ಮೊದಲ ದಿನ: ಕಲ್ಲು ಮತ್ತು ಕ್ಯಾಮೆರಾ

ಚೀಲ ಇಳಿಸಿದ ಕೂಡಲೇ ಬಯಲಲ್ಲಿ ಒಂದು ಕಲ್ಲು ಆರಿಸಿ, ನಾಲ್ಕೂ ತಂಡದ ಫೋನುಗಳನ್ನು ಅದರ ಮೇಲೆ ಹತ್ತು ನಿಮಿಷ ಇಟ್ಟು, ನಿಮಿಷಕ್ಕೊಂದು ಬಿಂದು ದಾಖಲಿಸುತ್ತಾರೆ. ನಕ್ಷೆಯಲ್ಲಿ ನಲವತ್ತು ಬಿಂದು ಒಂದರ ಮೇಲೊಂದು ಕೂರುವುದಿಲ್ಲ, ಚೆಲ್ಲಿದ ರಾಗಿಯಂತೆ ಹರಡಿಕೊಳ್ಳುತ್ತವೆ. ಜಿಪಿಎಸ್ ಬಗ್ಗೆ ಒಂದು ಗಂಟೆ ಪಾಠ ಹೇಳಿದರೂ ಆಗದ ಅರಿವು ಈ ಹತ್ತು ನಿಮಿಷದಲ್ಲಿ ಆಗುತ್ತದೆ. ಅದೇ ಪ್ರಯೋಗವನ್ನು ದಟ್ಟ ಮರದ ಕೆಳಗೆ ಮಾಡಿದರೆ ಹರಡುವಿಕೆ ಇನ್ನೂ ಹಿಗ್ಗುತ್ತದೆ. ಎಲೆ, ಕೊಂಬೆ ಸಂಕೇತವನ್ನು ಕುಗ್ಗಿಸುತ್ತವೆ. ಬಂಡೆಗೆ ತಾಗಿ ಬರುವ ಸಂಕೇತ ತಡವಾಗಿ ಮುಟ್ಟುವುದರಿಂದ ಫೋನು ದೂರವನ್ನು ಹೆಚ್ಚಾಗಿ ಎಣಿಸುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ‘ನಿಖರತೆ 5 ಮೀಟರ್’ ಎಂದರೆ ನಿಜವಾದ ಜಾಗ 5 ಮೀಟರ್ ತ್ರಿಜ್ಯದ ವೃತ್ತದೊಳಗೆ ಇರುವ ಸಂಭವ ನೂರಕ್ಕೆ 68 ಎಂದು. ಮೂರರಲ್ಲಿ ಒಂದು ಸಲ ಹೊರಗೂ ಇರಬಹುದು. ಬಯಲಲ್ಲಿ 5 ಮೀಟರಿಗೆ ಇಳಿಯುವ ತನಕ, ಮರದಡಿ 10ಕ್ಕೆ ಇಳಿಯುವ ತನಕ ಕಾದು ಒತ್ತುವುದು ತಂಡಗಳ ನಿಯಮ. 2000ದ ಮೇ ತಿಂಗಳ ತನಕ ಅಮೆರಿಕ ಸರ್ಕಾರ ಜನಬಳಕೆಯ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು, ನೂರು ಮೀಟರಿನ ಆಸುಪಾಸು ಹೆಚ್ಚುಕಮ್ಮಿ ಸಾಮಾನ್ಯವಾಗಿತ್ತು. ಅಂದಿನ ಲೆಕ್ಕದಲ್ಲಿ 500 ಮೀಟರಿನ ಚೌಕವೂ ಸಣ್ಣದೇ.

ನೆಟ್‌ವರ್ಕ್ ಇಲ್ಲದ ಕಡೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಕೆಲಸ ಮಾಡುತ್ತದೆ, ಮೊದಲ ಸಲ ಜಾಗ ಹಿಡಿಯಲು ತಡವಾಗುತ್ತದೆ ಅಷ್ಟೆ. ನೆಟ್‌ವರ್ಕ್ ಇದ್ದರೆ ಉಪಗ್ರಹಗಳ ಕಕ್ಷೆಯ ವಿವರ ಅಂತರ್ಜಾಲದಿಂದ ಬರುತ್ತದೆ. ಇಲ್ಲದಿದ್ದರೆ ಒಂದೊಂದು ಉಪಗ್ರಹದಿಂದಲೇ ಅದನ್ನು ಕೇಳಿಸಿಕೊಳ್ಳಬೇಕು, ಅದಕ್ಕೆ 30 ಸೆಕೆಂಡು. ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿ ಪೂರ್ತಿ ಇಳಿಯಲು 12.5 ನಿಮಿಷ. ಬೆಳಿಗ್ಗೆ ಹಲ್ಲುಜ್ಜುವಾಗಲೇ ಫೋನನ್ನು ಬಯಲಲ್ಲಿ ಇಟ್ಟರೆ ಸಾಲಿನ ತುದಿಯಲ್ಲಿ ನಿಂತು ಕಾಯುವುದು ತಪ್ಪುತ್ತದೆ.

ಕಾಗದದ ಮೇಲೆ ಬರೆಯುವವರ ತಪ್ಪುಗಳೇ ಬೇರೆ. 30 ನಿಮಿಷವೆಂದರೆ ಅರ್ಧ ಡಿಗ್ರಿ, ದಶಮಾಂಶದಲ್ಲಿ .5. ಅದನ್ನು .30 ಎಂದು ಬರೆದರೆ ಅಕ್ಷಾಂಶದಲ್ಲಿ 22 ಕಿಲೋಮೀಟರ್ ತಪ್ಪು. ಇನ್ನು ಕೆಲವರು ದಶಮಾಂಶದ ನಂತರ ಹನ್ನೆರಡು ಅಂಕಿ ಬರೆಯುತ್ತಾರೆ. ಐದನೆಯ ಅಂಕಿಗೇ ಸುಮಾರು ಒಂದು ಮೀಟರ್. ಅದರಾಚೆಗಿನದೆಲ್ಲ ಬರೀ ಅಲಂಕಾರ.

ಮಧ್ಯಾಹ್ನ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಹಾದರೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ, ಕಟ್ಟುವ ಕೆಲಸ. ಎಂಟು ಕ್ಯಾಮೆರಾ, ಚದುರಂಗದ ಮಣೆಯ ಕಪ್ಪು ಮನೆಗಳಂತೆ ಒಂದು ಬಿಟ್ಟು ಒಂದು ಚೌಕಕ್ಕೆ. ಚೌಕದ ನಡುಬಿಂದುವಿನಿಂದ 50 ಮೀಟರಿನೊಳಗೆ ಪ್ರಾಣಿ ಓಡಾಡುವ ಜಾಡು ಹುಡುಕಿ, ಜಾಡಿನಿಂದ 3 ಮೀಟರ್ ಹಿಂದೆ, ನೆಲದಿಂದ 40 ಸೆಂಟಿಮೀಟರ್ ಎತ್ತರದಲ್ಲಿ ಕಟ್ಟಬೇಕು. ಮುಂಗುಸಿ, ಮೊಲ, ನರಿ ಗಾತ್ರದ ಪ್ರಾಣಿಗಳಿಗೆ ಈ ಎತ್ತರ ಒಗ್ಗುತ್ತದೆ. ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ, ಪೂರ್ವ ಪಶ್ಚಿಮಕ್ಕಿದ್ದರೆ ಹುಟ್ಟುವ, ಮುಳುಗುವ ಸೂರ್ಯ ನೇರ ಕಣ್ಣಿಗೆ ಬೀಳುತ್ತಾನೆ. ಜಾಡಿಗೆ ಲಂಬವಾಗಿ ಇಡುವುದಕ್ಕಿಂತ ಓರೆಯಾಗಿ ಇಟ್ಟರೆ ಪ್ರಾಣಿ ಚೌಕಟ್ಟಿನಲ್ಲಿ ಹೆಚ್ಚು ಹೊತ್ತು ಇರುತ್ತದೆ.

ಇದರ ಸಂವೇದಕ ಪ್ರಾಣಿಯನ್ನು ನೋಡುವುದಿಲ್ಲ, ಚಲಿಸುವ ಬಿಸಿಯ ವ್ಯತ್ಯಾಸವನ್ನು ಗುರುತಿಸುತ್ತದೆ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ತೂಗಿದರೂ ಅದಕ್ಕೆ ಪ್ರಾಣಿಯೇ. ಕ್ಯಾಮೆರಾದ ಮುಂದಿನ ಹುಲ್ಲು ಕೀಳದ ತಂಡ ಕೊನೆಯ ದಿನ ಸಾವಿರಾರು ಹುಲ್ಲಿನ ಫೋಟೊ ಮನೆಗೆ ಒಯ್ಯುತ್ತದೆ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಹಳೆಯ ಹೊಸ ಬ್ಯಾಟರಿ ಬೆರೆಸದೆ, ಒಂದು ಸಲಕ್ಕೆ ಮೂರು ಚಿತ್ರವೆಂದು ಇಟ್ಟು, ಒಬ್ಬರು ಜಾಡಿನ ಮೇಲೆ ಅಂಬೆಗಾಲಿಟ್ಟು ಹೋಗಿ ಪರೀಕ್ಷಿಸಬೇಕು. ಮೊದಲ ಚಿತ್ರ ಸ್ಲೇಟಿನದು: ಚೌಕದ ಸಂಖ್ಯೆ, ದಿನಾಂಕ, ಜಿಪಿಎಸ್ ತೋರಿಸುವ ಸಮಯ. ಕ್ಯಾಮೆರಾದ ಗಡಿಯಾರ ಏಳು ನಿಮಿಷ ಹಿಂದಿದ್ದರೂ ಈ ಒಂದು ಚಿತ್ರವಿದ್ದರೆ ಆಮೇಲೆ ಸರಿಪಡಿಸಿಕೊಳ್ಳಬಹುದು. ಟ್ರ್ಯಾಕಿನ (ಫೋನು ದಾಖಲಿಸಿದ, ನಡೆದ ದಾರಿಯ) ಜಿಪಿಎಕ್ಸ್ ಕಡತದಲ್ಲಿ ಸಮಯ ಸ್ಥಳೀಯವಲ್ಲ, ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಬೆಳಗಿನ ಹಕ್ಕಿಗಳೆಲ್ಲ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದಂತೆ ಕಾಣುತ್ತದೆ.

ಎರಡನೇ ದಿನ: ಸಾಲಿನ ಮೇಲೆ

ಬೆಳಕು ಹರಿಯುವಷ್ಟರಲ್ಲಿ ನಾಲ್ಕೂ ತಂಡ ತಮ್ಮ ಸಾಲಿನ ತುದಿಯಲ್ಲಿ. ಪ್ರತಿ ತಂಡದಲ್ಲಿ ಒಬ್ಬರು ಮುಂದೆ ನೋಡುವವರು, ಒಬ್ಬರು ದಿಕ್ಸೂಚಿ ಮತ್ತು ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ಹಿಡಿದವರು, ಒಬ್ಬರು ಫೋನಿಗೆ, ಒಬ್ಬರು ಕಾಗದಕ್ಕೆ. ಕಾಗದ ಯಾಕೆಂದು ಪ್ರತಿ ಸಲವೂ ಕೇಳುತ್ತಾರೆ. ಫೋನು ಬಿಸಿಯಾಗಿ ನಿಂತ ದಿನ ಕೇಳುವುದಿಲ್ಲ. ಗಂಟೆಗೆ ಒಂದು ಕಿಲೋಮೀಟರ್ ನಡಿಗೆ, ಎರಡು ಗಂಟೆಯಲ್ಲಿ ಸಾಲು ಮುಗಿಯಬೇಕು. ಬಿಸಿಲೇರಿದ ಮೇಲೆ ಹಕ್ಕಿಗಳ ಸದ್ದಡಗುತ್ತದೆ.

ಇಲ್ಲಿ ಆಗುವ ಅತಿ ದೊಡ್ಡ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಪೊದೆಯಂಚಿನಲ್ಲಿ ಮೊಲ ಕಂಡಿತು, ಫೋನಿನ ಗುಂಡಿ ಒತ್ತಿದರು, ಬಿಂದು ದಾಖಲಾಯಿತು. ಆದರೆ ಬಿದ್ದದ್ದು ಒತ್ತಿದವರ ಕಾಲಬುಡದಲ್ಲಿ, ಮೊಲ ಕೂತಿದ್ದು 60 ಮೀಟರ್ ಆಚೆ. ಹೀಗೆ ಮೂರು ದಿನ ಒತ್ತಿದರೆ ಪ್ರಾಣಿಗಳೆಲ್ಲ ಸಾಲುಗಟ್ಟಿ ನಿಂತಂಥ ನಕ್ಷೆ ಬರುತ್ತದೆ. ಅದು ವಿದ್ಯಾರ್ಥಿಗಳು ನಡೆದ ದಾರಿಯ ನಕ್ಷೆ, ಮೊಲದ್ದಲ್ಲ. ಹಾಗಾಗಿ ಪ್ರತಿ ಸಲ ದೂರ ಮತ್ತು ದಿಕ್ಕು ಬೇಕು. ಮೊಲ 60 ಮೀಟರ್ ದೂರದಲ್ಲಿ, ದಿಕ್ಸೂಚಿಯಲ್ಲಿ 120 ಡಿಗ್ರಿ ಎಂದರೆ, ಪೂರ್ವಕ್ಕೆ 60 × ಸೈನ್ 120, ಅಂದರೆ 52 ಮೀಟರ್; ಉತ್ತರಕ್ಕೆ 60 × ಕೊಸೈನ್ 120, ಅಂದರೆ ಋಣ 30. ದಕ್ಷಿಣಕ್ಕೆ 30 ಮೀಟರ್ ಸರಿಸಬೇಕು ಎಂದಾಯಿತು. ಕ್ಯುಜಿಐಎಸ್‌ನಲ್ಲಿ ಒಂದೇ ಸೂತ್ರ ಬರೆದು ಎಲ್ಲ ಬಿಂದುಗಳನ್ನೂ ಸಾಮೂಹಿಕವಾಗಿ ಸರಿಸಬಹುದು.

ಪೂರ್ವದ ಕಡೆಗೆ ನಡೆಯುವಾಗ ಸಾಲಿನ ದಿಕ್ಕು 90. ಮೊಲದ ದಿಕ್ಕಿನಿಂದ ಅದನ್ನು ಕಳೆದರೆ ಕೋನ 30. 60 × ಸೈನ್ 30 ಎಂದರೆ ಸಾಲಿನಿಂದ ಲಂಬದೂರ 30 ಮೀಟರ್. ಸಾಲಿನಿಂದ ದೂರ ಹೋದಂತೆ ಎಷ್ಟು ಪ್ರಾಣಿ ಕಣ್ಣು ತಪ್ಪುತ್ತವೆ ಎಂದು ಅಂದಾಜು ಮಾಡುವುದು ಈ ಲಂಬದೂರಗಳಿಂದಲೇ. ನಂಬುವಂಥ ಅಂದಾಜಿಗೆ ಒಂದು ಪ್ರಭೇದಕ್ಕೆ 60ರಿಂದ 80 ದಾಖಲೆ ಬೇಕು ಎನ್ನುವುದು ಈ ವಿಧಾನದ ರೂಢಿ. ಐದು ದಿನದಲ್ಲಿ ಗುಬ್ಬಿ, ಪಾರಿವಾಳದಂಥವಕ್ಕೆ ಸಿಕ್ಕರೂ ಸಿಗಬಹುದು, ಮೊಲಕ್ಕೆ ಸಿಗುವುದಿಲ್ಲ. ಸಿಗದಿದ್ದರೆ ಸಾಂದ್ರತೆಯ ಮಾತು ಬಿಟ್ಟು ಕಿಲೋಮೀಟರಿಗೆ ಎಷ್ಟು ಕಂಡವು ಎಂಬುದಕ್ಕೆ ನಿಲ್ಲುವುದೇ ಮರ್ಯಾದೆ.

ರೇಂಜ್‌ಫೈಂಡರ್ ಇಲ್ಲದ ತಂಡ ಕಣ್ಣಂದಾಜಿನಲ್ಲಿ 10, 20, 50, 100 ಎಂದೇ ಬರೆಯುತ್ತದೆ; 37 ಎಂದು ಯಾರೂ ಬರೆಯುವುದಿಲ್ಲ. ಹಿಂದಿನ ಸಂಜೆ 25 ಮೀಟರಿನ ಹಗ್ಗ ಹಾಸಿ ಅಭ್ಯಾಸ ಮಾಡಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಕೋನದಲ್ಲೂ ಇದೇ ರೋಗ. ‘ಹೆಚ್ಚು ಕಡಿಮೆ ನೇರ ಮುಂದೆ’ ಎಂದು 0 ಬರೆದರೆ ಲಂಬದೂರವೂ 0 ಆಗಿ, ಸಾಲಿನ ಮೇಲೆಯೇ ಪ್ರಾಣಿಗಳ ಸಂತೆ ನೆರೆದಂತೆ ಕಾಣುತ್ತದೆ. ಹಿಂಡು ಕಂಡರೆ ಹಿಂಡಿನ ನಡುವಿಗೆ ಅಳೆಯಬೇಕು. ಹೆದರಿ ಹಾರಿದ್ದನ್ನು ಹಾರಿ ಕೂತ ಕಡೆ ಬರೆಯಬಾರದು, ಮೊದಲು ಕಂಡ ಕಡೆಯೇ ಬರೆಯಬೇಕು.

ಫೋನಿನ ದಿಕ್ಸೂಚಿಯನ್ನು ನಂಬುವ ಮೊದಲು ಅದರ ಕವಚ ತೆಗೆದು ನೋಡಿ. ಮಡಚುವ ಕವಚದಲ್ಲಿ ಆಯಸ್ಕಾಂತವಿದ್ದರೆ ಉತ್ತರ ಎತ್ತಲೋ ತಿರುಗಿರುತ್ತದೆ. ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ ಜಾಗದಿಂದ ಜಾಗಕ್ಕೆ ಬೇರೆ. ಅದು 10 ಡಿಗ್ರಿ ಇರುವಲ್ಲಿ ಸರಿಪಡಿಸದೆ ಬಿಟ್ಟರೆ 60 ಮೀಟರಿಗೆ 10 ಮೀಟರ್ ತಪ್ಪು.

ಸಂಜೆ ದತ್ತಾಂಶ ಇಳಿಸುವಾಗ ಒಂದು ಹಳೇ ಹೊಂಡವಿದೆ. ಕ್ಯುಫೀಲ್ಡ್‌ನಲ್ಲಿ ಪ್ರಾಜೆಕ್ಟ್ ತೆರೆದಿರುವಾಗಲೇ ಜಿಯೋಪ್ಯಾಕೇಜ್ ಕಡತವೊಂದನ್ನೇ ನಕಲು ಮಾಡಿದರೆ ಬೆಳಗಿನ ದಾಖಲೆಗಳು ಮಾಯವಾಗಿರುತ್ತವೆ. ಹೊಸ ದಾಖಲೆಗಳು ಮೊದಲು ಪಕ್ಕದ, ಹೆಸರಿನ ಕೊನೆಗೆ ‘ವಾಲ್’ ಎಂದಿರುವ ಕಡತಕ್ಕೆ ಹೋಗಿ, ಆಮೇಲೆ ಮುಖ್ಯ ಕಡತ ಸೇರುವುದರಿಂದ ಹೀಗಾಗುತ್ತದೆ. ಪ್ರಾಜೆಕ್ಟ್ ಮುಚ್ಚಿ, ಇಡೀ ಫೋಲ್ಡರನ್ನೇ ನಕಲು ಮಾಡಬೇಕು. ಫೋಟೊಗಳ ಹೆಸರು ಬದಲಿಸಬಾರದು, ಬದಲಿಸಿದರೆ ದಾಖಲೆಗೂ ಚಿತ್ರಕ್ಕೂ ನಂಟು ಕಡಿಯುತ್ತದೆ. ನಾಲ್ಕು ಫೋನಿನ ದಾಖಲೆ ಒಟ್ಟು ಸೇರಿಸುವಾಗ ನಾಲ್ಕರಲ್ಲೂ 1, 2, 3 ಎಂಬ ಕ್ರಮಸಂಖ್ಯೆಯೇ ಇರುತ್ತದೆ. ಯುಯುಐಡಿ ಇಟ್ಟದ್ದು ಈ ಹೊತ್ತಿಗೆ.

ಮೂರನೇ ದಿನ: ದಂಡೆ

ಬೆಳಿಗ್ಗೆ ಮತ್ತೆ ಅದೇ ಸಾಲುಗಳು, ಆದರೆ ತಂಡಗಳು ಅದಲು ಬದಲು, ಹೊರಡುವುದು ಪೂರ್ವದ ತುದಿಯಿಂದ. ತಂಡ ಬದಲಿಸದಿದ್ದರೆ ಚುರುಕುಗಣ್ಣಿನವರ ಸಾಲಿನಲ್ಲಿ ಯಾವಾಗಲೂ ಹೆಚ್ಚು ಹಕ್ಕಿ. ದಿಕ್ಕು ಬದಲಿಸದಿದ್ದರೆ ಸಾಲಿನ ಕೊನೆಯ ಚೌಕಕ್ಕೆ ಯಾವಾಗಲೂ ಹೊತ್ತೇರಿದ ಮೇಲಿನ ಭೇಟಿ.

ಹನ್ನೊಂದರ ಹೊತ್ತಿಗೆ ಎಲ್ಲರೂ ಕೆರೆಯಂಚಿಗೆ, ನೀರುನಾಯಿಯ ಗುರುತು ಹುಡುಕಲು. ದಂಡೆಯ 600 ಮೀಟರನ್ನು ನೂರು ಮೀಟರಿನ ಆರು ತುಂಡು ಮಾಡಿ, ಪ್ರತಿ ತುಂಡಿಗೆ ಇದೆ ಅಥವಾ ಇಲ್ಲ ಎಂದು ಬರೆಯುತ್ತಾರೆ. ನೀರುನಾಯಿ ಹಿಕ್ಕೆ ಹಾಕುವುದು ಎದ್ದು ಕಾಣುವ ಬಂಡೆ, ದಿಬ್ಬದಂಥ ಕಡೆ, ಮತ್ತೆ ಮತ್ತೆ ಅದೇ ಜಾಗದಲ್ಲಿ. ಒಣಗಿದ ಹಿಕ್ಕೆಯನ್ನು ಕಡ್ಡಿಯಲ್ಲಿ ಕೆದಕಿದರೆ ಮೀನಿನ ಹುರುಪೆ, ಮುಳ್ಳು, ಏಡಿಯ ಚಿಪ್ಪು ಕಾಣುತ್ತವೆ. ಹಸಿ, ಒಣ, ಪುಡಿಯಾದದ್ದು ಎಂದು ಮೂರೇ ವರ್ಗ ಸಾಕು. ಹೆಜ್ಜೆಯಲ್ಲಿ ಐದು ಬೆರಳು ಮೂಡಿದ್ದರೆ ನೀರುನಾಯಿಯ ಕಡೆ ಯೋಚಿಸಬಹುದು, ನಾಲ್ಕೇ ಇದ್ದರೆ ಸಾಮಾನ್ಯವಾಗಿ ಬೀದಿನಾಯಿ ಅಥವಾ ನರಿ. ಮುಂಗುಸಿಗೂ ಐದೇ, ಆದರೆ ಹೆಜ್ಜೆ ಬಹಳ ಚಿಕ್ಕದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನೇರ ಮೇಲಿನಿಂದ ತೆಗೆಯದ ಹೆಜ್ಜೆಯ ಫೋಟೊ ಆಮೇಲೆ ಯಾವ ಕೆಲಸಕ್ಕೂ ಬಾರದು.

ಸಂಜೆ ನಕ್ಷೆ ತೆರೆದರೆ ನಗು. ಹಿಕ್ಕೆಗಳಲ್ಲಿ ಕೆಲವು ಕೆರೆಯ ನೀರಿನೊಳಗೆ ಬಿದ್ದಿರುತ್ತವೆ. ಒಂದು ಕಾರಣ ಜಿಪಿಎಸ್‌ನ ತಪ್ಪು. ಇನ್ನೊಂದು, ಉಪಗ್ರಹ ಚಿತ್ರ ತೆಗೆದ ದಿನ ಕೆರೆ ತುಂಬಿತ್ತು, ಈಗ ನೀರು ಹಿಂದೆ ಸರಿದಿದೆ. ಬಿಂದುಗಳನ್ನು ಕೈಯಲ್ಲಿ ಎಳೆದು ದಂಡೆಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಎಳೆಯಬಾರದು. ದಂಡೆಯ ಮೇಲೆ ನಡೆದ ಟ್ರ್ಯಾಕನ್ನೇ ಇಂದಿನ ನೀರಂಚು ಎಂದು ಬೇರೆ ಲೇಯರಾಗಿ ಇಟ್ಟುಕೊಳ್ಳುವುದು ಸರಿಯಾದ ದಾರಿ. ಆ ಟ್ರ್ಯಾಕಿನ ಉದ್ದವನ್ನು ಮಾತ್ರ ಕುರುಡಾಗಿ ನಂಬಬೇಡಿ. ಒಂದೇ ಕಡೆ ನಿಂತಾಗಲೂ ಬಿಂದು ಅತ್ತಿತ್ತ ಅಲೆದು ಜೇಡರ ಬಲೆ ನೇಯುತ್ತದೆ, ಆ ಎಳೆಗಳೆಲ್ಲ ಉದ್ದಕ್ಕೆ ಸೇರಿರುತ್ತವೆ.

ನಾಲ್ಕನೇ ದಿನ

ಮೂರನೇ ಸಲ ಅದೇ ಸಾಲುಗಳು. ‘ನಿನ್ನೆ ಏನೂ ಇರಲಿಲ್ಲ, ಇವತ್ತೂ ಇಲ್ಲ’ ಎಂಬ ಗೊಣಗಾಟ. ಒಂದು ಚೌಕದಲ್ಲಿ ಇರುವ ಪ್ರಾಣಿ ಒಂದು ಭೇಟಿಯಲ್ಲಿ ಕಣ್ಣಿಗೆ ಬೀಳುವ ಸಂಭವ 0.4 ಎಂದಿಟ್ಟುಕೊಳ್ಳಿ. ಮೂರು ಭೇಟಿಯಲ್ಲೂ ತಪ್ಪಿಸಿಕೊಳ್ಳುವ ಸಂಭವ 0.6ರ ಘನ, ಅಂದರೆ 0.216. ಐದು ಭೇಟಿಗೆ ಅದು 0.08ಕ್ಕೆ ಇಳಿಯುತ್ತದೆ. ಗೊಣಗುವವರಿಗೆ ಈ ಲೆಕ್ಕವನ್ನು ನೆಲದ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿ ‘ಭೇಟಿ’ ಕೋಷ್ಟಕ ತುಂಬಿಸಬೇಕು. ಗಾಳಿ ಜೋರಾದರೆ ನಿಲ್ಲಿಸಿ, ನಿಲ್ಲಿಸಿದ ಹೊತ್ತು ಬರೆಯಿರಿ. ಮಧ್ಯಾಹ್ನ ನಿದ್ದೆ.

ಐದನೇ ದಿನ: ಬಿಚ್ಚುವುದು, ಬಿಡಿಸುವುದು

ಕ್ಯಾಮೆರಾ ಬಿಚ್ಚುವ ಮೊದಲು ಮತ್ತೆ ಸ್ಲೇಟಿನ ಚಿತ್ರ. ಎಂಟು ಕ್ಯಾಮೆರಾ, ನಾಲ್ಕು ರಾತ್ರಿ, ಒಟ್ಟು 32 ಟ್ರ್ಯಾಪ್ ರಾತ್ರಿ. ಒಂದರ ಕಾರ್ಡು ಹುಲ್ಲಿನ ಫೋಟೊಗಳಿಂದ ಮೊದಲ ರಾತ್ರಿಗೇ ತುಂಬಿದ್ದರೆ ಲೆಕ್ಕ 29. ಮುಂಗುಸಿಯೊಂದು ಕ್ಯಾಮೆರಾದ ಮುಂದೆ ಕೂತು ಮೈ ನೆಕ್ಕಿಕೊಂಡರೆ ತೊಂಬತ್ತು ಚಿತ್ರ, ಆದರೆ ಘಟನೆ ಒಂದೇ. ಒಂದೇ ಪ್ರಭೇದದ ಎರಡು ಚಿತ್ರಗಳ ನಡುವೆ 30 ನಿಮಿಷ ಕಳೆದಿದ್ದರೆ ಮಾತ್ರ ಬೇರೆ ಘಟನೆಯೆಂದು ಎಣಿಸುವುದು ವಾಡಿಕೆ. ಜನರ ಮುಖ ಬಿದ್ದ ಚಿತ್ರಗಳನ್ನು ಅಲ್ಲೇ ಅಳಿಸಬೇಕು.

ನಕ್ಷೆ ಬಿಡಿಸಲು ಕೂತೊಡನೆ ಎಲ್ಲರ ಕೈ ಹೀಟ್‌ಮ್ಯಾಪ್ (ದಾಖಲೆ ಹೆಚ್ಚಿದ್ದಲ್ಲಿ ಕೆಂಪೇರುವ ನಕ್ಷೆ) ಗುಂಡಿಗೆ ಹೋಗುತ್ತದೆ. ಒತ್ತಿದರೆ ಶಿಬಿರದ ಸುತ್ತ ಕೆಂಪು ಕೆಂಡ. ಪ್ರಾಣಿಗಳಿಗೆ ಶಿಬಿರ ಇಷ್ಟವಾದದ್ದಲ್ಲ, ಚಹಾ ಕುಡಿಯುತ್ತ ಕೂತಾಗಲೂ ದಾಖಲಿಸಿದ್ದರ ಫಲ. ಶಿಬಿರದ ಚೌಕದಲ್ಲಿ 6 ಕಿಲೋಮೀಟರ್ ಓಡಾಟಕ್ಕೆ 12 ದಾಖಲೆ, ಗುಡ್ಡದ ಚೌಕದಲ್ಲಿ ಒಂದೂವರೆ ಕಿಲೋಮೀಟರಿಗೆ 5 ಎನ್ನಿ. ಮೊದಲಿನದು ಕಿಲೋಮೀಟರಿಗೆ 2, ಎರಡನೆಯದು 3.3. ನಕ್ಷೆ ತಲೆಕೆಳಗಾಯಿತು. ಸಾಲಿನ ಮೇಲೆ ಸಿಕ್ಕಿದ್ದು ಒಂದು ಲೇಯರ್, ದಾರಿಬದಿಯಲ್ಲಿ ಸಿಕ್ಕಿದ್ದು ಬೇರೆ ಲೇಯರ್; ಬಣ್ಣ ತುಂಬುವುದು ಮೊದಲಿನದಕ್ಕೆ ಮಾತ್ರ. 2002ರಲ್ಲಿ ಶುರುವಾದ, ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್, ಪಟ್ಟಿ ಸಲ್ಲಿಸುವಾಗ ‘ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ?’ ಎಂದು ಕೇಳುವುದೂ ಇದೇ ಕಾರಣಕ್ಕೆ. ಹೌದೆಂದರೆ ಮಾತ್ರ ಬರೆಯದ ಹಕ್ಕಿ ಕಾಣಲಿಲ್ಲ ಎಂದು ಅರ್ಥ ಮಾಡಿಕೊಳ್ಳಲು ಬರುತ್ತದೆ.

ಸೆಂಟಿನೆಲ್ ಚಿತ್ರದ ಅವಕೆಂಪು ಮತ್ತು ಕೆಂಪು ಪಟ್ಟಿಗಳಿಂದ ಹಸಿರಿನ ಸೂಚ್ಯಂಕ ಎನ್‌ಡಿವಿಐ ತೆಗೆದು, ಪ್ರತಿ ಚೌಕದ ಸರಾಸರಿ ಹಸಿರನ್ನು ಪಕ್ಕದಲ್ಲಿ ಇಡಬಹುದು. ಅವಕೆಂಪಿನಿಂದ ಕೆಂಪನ್ನು ಕಳೆದು ಎರಡರ ಮೊತ್ತದಿಂದ ಭಾಗಿಸಿದರೆ ಋಣ 1ರಿಂದ 1ರೊಳಗೆ ಒಂದು ಸಂಖ್ಯೆ. ನೀರು ಸಾಮಾನ್ಯವಾಗಿ ಸೊನ್ನೆಯ ಕೆಳಗೆ. ಕೆರೆಯ ಚೌಕದಲ್ಲಿ ನೀರನ್ನು ಹೊರಗಿಟ್ಟು ಸರಾಸರಿ ತೆಗೆಯಬೇಕು. ಹದಿನಾರೇ ಚೌಕ ಇಟ್ಟುಕೊಂಡು ಹಸಿರಿಗೂ ಮೊಲಕ್ಕೂ ಸಂಬಂಧ ಕಟ್ಟುವ ವರದಿ ಬರೆಯಹೊರಟವರನ್ನು ತಡೆಯಬೇಕು.

ಹಂಚುವ ಮೊದಲು ಮರೆಮಾಚುವ ಕೆಲಸವೂ ಇದೆ. ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್ ಅಪಾಯದ ಅಂಚಿನ ಪ್ರಭೇದಗಳ ಜಾಗವನ್ನು ತಾನಾಗಿ ಮಸುಕು ಮಾಡಿ, 0.2 ಡಿಗ್ರಿ ಬದಿಯ ಚೌಕದೊಳಗೆ ಎಲ್ಲೋ ಒಂದು ಬಿಂದು ತೋರಿಸುತ್ತದೆ. ಗೂಡು, ಬಿಲಗಳಂಥವನ್ನು ದಾಖಲಿಸಿದವರೇ ಮಸುಕು ಮಾಡಬೇಕು. ಅಲ್ಲಿ ಮರೆಸಿ, ಅದೇ ಫೋಟೊವನ್ನು ಗೆಳೆಯರ ಗುಂಪಿಗೆ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಚಿತ್ರದೊಳಗೆ ಹುದುಗಿರುವ ಅಕ್ಷಾಂಶ ರೇಖಾಂಶ ಹಾಗೇ ಹೋಗುತ್ತದೆ. ನೀರುನಾಯಿಯ ಹಿಕ್ಕೆಯ ಬಿಂದುಗಳು ಮುದ್ರಿತ ನಕ್ಷೆಗೆ ಬರುವುದಿಲ್ಲ. ಆ ಚೌಕಕ್ಕೆ ಒಂದೇ ಬಣ್ಣ.

ಮುದ್ರಿಸುವ ನಕ್ಷೆಯಲ್ಲಿ ಮೂರು ಬಗೆಯ ಚೌಕ: ಕಂಡದ್ದಕ್ಕೆ ಬಣ್ಣ, ಮೂರು ಸಲ ಹೋಗಿಯೂ ಕಾಣದ್ದಕ್ಕೆ ಬಿಳಿ, ಬಂಡೆ ಕಡಿದಾದ್ದರಿಂದ ಪೂರ್ತಿ ನಡೆಯಲಾಗದ್ದಕ್ಕೆ ಓರೆಗೆರೆ. ಅದೇ ಫೋಲ್ಡರಿನಲ್ಲಿ ಒಂದು ಪಠ್ಯ ಕಡತ: ಇಪಿಎಸ್‌ಜಿ ಸಂಖ್ಯೆ, ಉಪಗ್ರಹ ಚಿತ್ರದ ದಿನಾಂಕ, ಪ್ರತಿ ಸಾಲಿನ ನಡೆದ ಉದ್ದ, ಗಡಿಯಾರಗಳ ವ್ಯತ್ಯಾಸ, ಕೆಟ್ಟ ಕ್ಯಾಮೆರಾದ ಸಂಖ್ಯೆ, ಮತ್ತು ಚೀಟಿಯಲ್ಲಿ ಬಂದ ಆ 210. ಮುಂದಿನ ವರ್ಷ ಬೇರೆ ಹದಿನಾರು ಮಂದಿ ಅದೇ ಗೆರೆಯ ಮೇಲೆ ನಡೆಯಬೇಕಾದರೆ ಅವರಿಗೆ ಮೊದಲು ಬೇಕಾಗುವುದು ಅದು.